ಕಲ್ಲೆತ್ತದೆ ಕಲ್ಲಂಟು ಮೀನು ನೋಡುವುದು ಹೇಗೆ

ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ. ಮೊದಲು ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಬಚ್ಚಲ ಹಿಂದಿನ ಸಿಮೆಂಟು ತೊಟ್ಟಿಗೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ. ತುಂಬಿ ಹೆಚ್ಚಾದದ್ದು ಒಂದು ಮೂಲೆಯಿಂದ ಗೋಡೆಗುಂಟ ಇಳಿದು ತೋಟಕ್ಕೆ ಹೋಗುತ್ತದೆ. ಒಂದು ವರ್ಷ ಮೃಗಶಿರಾ ಮಳೆ ಹಿಡಿದ ಎರಡನೇ ದಿನ, ಬೆಳಗ್ಗೆ ಬಚ್ಚಲೊಲೆ ಹಚ್ಚಲು ಹೋದೆ. ನೀರು ಇಳಿಯುವ ಆ ಮೂಲೆಯಲ್ಲಿ, ಗೋಡೆಯ ಹೊರಮೈಗೆ ಕಂದು ಬಣ್ಣದ ಏನೋ ಅಂಟಿಕೊಂಡಿತ್ತು. ಕೊಳೆತ ಎಲೆ ಇರಬೇಕು ಅಂತ ತೆಗೆಯಲು ಕೈ ಹಾಕಿದೆ. ಅದು ಬಾಲ ಬಡಿದು ಅರ್ಧ ಬೆರಳಿನಷ್ಟು ಮೇಲೆ ಹೋಯಿತು.

ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದದ ಮೀನು. ತೊಟ್ಟಿ ತುಂಬಿ ಹರಿದಾಗ ಹೊರಗೆ ಬಿದ್ದಿದೆ. ಈಗ ಇಳಿಯುವ ನೀರಿಗೆ ಎದುರಾಗಿ ಗೋಡೆ ಹತ್ತುತ್ತಿದೆ. ಎದೆ ಒತ್ತಿ ನಿಲ್ಲುತ್ತದೆ. ಮೈಯನ್ನು ಎರಡು ಸಲ ಬಳುಕಿಸುತ್ತದೆ. ಒಂದಿಷ್ಟು ಮೇಲೆ ಸರಿಯುತ್ತದೆ. ಮತ್ತೆ ಒತ್ತಿ ನಿಲ್ಲುತ್ತದೆ. ನಾನು ಒಲೆ ಬಿಟ್ಟು ಅಲ್ಲೇ ಕೂತೆ. ಅತ್ತೆ ಹುಡುಕಿಕೊಂಡು ಬಂದವರು ಬಗ್ಗಿ ನೋಡಿ, "ಕಲ್ಲಂಟು ಅಲ್ವಾ ಇದು, ಮೇಲಿನ ಹಳ್ಳದ್ದು. ಪೈಪಲ್ಲಿ ಬಂದಿದೆ" ಅಂದರು. ನಾನು ಈ ಮನೆಗೆ ಮದುವೆಯಾಗಿ ಬಂದು ಹತ್ತು ವರ್ಷ ಆಗಿತ್ತು. ಅಷ್ಟೂ ವರ್ಷ ಆ ಹಳ್ಳದ ನೀರು ಕುಡಿದಿದ್ದೆ. ಅದರಲ್ಲಿ ಇಂಥದ್ದೊಂದು ಜೀವ ಇದೆ ಅಂತ ಗೊತ್ತೇ ಇರಲಿಲ್ಲ.

ಅತ್ತೆ ಒಳಗಿನಿಂದ ಹಾರ್ಲಿಕ್ಸ್ ಬಾಟಲಿ ತಂದರು. ಹಳೆ ಕಾಲದ ದಪ್ಪ ಗಾಜಿನದು. ತೊಟ್ಟಿಯ ನೀರನ್ನೇ ತುಂಬಿಸಿ, ಬಾಟಲಿಯ ಬಾಯನ್ನು ಗೋಡೆಗೆ ಹಿಡಿದು ಮೀನನ್ನು ಮೆಲ್ಲಗೆ ಒಳಗೆ ಬಿಟ್ಟೆವು. ಅದು ಒಂದು ಸುತ್ತು ಹಾಕಿ ಗಾಜಿಗೆ ಎದೆ ಕೊಟ್ಟು ನಿಂತುಬಿಟ್ಟಿತು. ಆಗ ಅದರ ಹೊಟ್ಟೆಯ ಕಡೆ ನನ್ನ ಕಣ್ಣಿಗೆ ನೇರವಾಗಿ ಬಂತು. ಎರಡು ಪಕ್ಕದ ರೆಕ್ಕೆಗಳ ನಡುವೆ, ಎದೆಯ ಮೇಲೆ, ಸಾಲು ಸಾಲು ಚರ್ಮದ ಮಡಿಕೆ. ಬಟ್ಟೆ ಒಗೆದು ಎದ್ದಾಗ ಬೆರಳ ತುದಿ ನೆಂದು ಸುಕ್ಕುಗಟ್ಟುತ್ತದಲ್ಲ, ಥೇಟ್ ಹಾಗೆ. ಬಣ್ಣವೂ ಹಾಗೇ, ಬಿಳಿಚಿದ ಗುಲಾಬಿ. ಬಾಟಲಿಯನ್ನು ಓರೆ ಮಾಡಿದೆ, ನಿಧಾನವಾಗಿ ತಿರುಗಿಸಿದೆ. ಮೀನು ಜಾರಲಿಲ್ಲ.

ಇದರ ಕುಲದ ಹೆಸರು ಗ್ಲಿಪ್ಟೋಥೊರಾಕ್ಸ್. ಗ್ರೀಕಿನಲ್ಲಿ ಕೆತ್ತಿದ ಎದೆ ಅಂತ ಅರ್ಥ. ಹೆಸರಿಟ್ಟವರು ಬಾಟಲಿಯಲ್ಲಿ ನನಗೆ ಕಂಡ ಆ ಮಡಿಕೆಗಳನ್ನೇ ನೋಡಿ ಇಟ್ಟಿದ್ದಾರೆ. ಮೀಸೆ ಇರುವ ಮೀನುಗಳ ದೊಡ್ಡ ಬಳಗಕ್ಕೆ ಸೇರಿದ್ದು. ಮುರುಗೋಡು, ಚೇಳುಮೀನು, ಬಾಳೆಮೀನು ಎಲ್ಲ ಇದರ ದೂರದ ನೆಂಟರು. ಆದರೆ ಅವು ಕೆಸರು, ಮಡು, ಕೆರೆಗಳ ಮೀನುಗಳು. ಇದು ಬೆಟ್ಟದ ಹಳ್ಳದ್ದು. ತುರ್ಕಿ, ಇರಾಕಿನ ನದಿಗಳಿಂದ ಹಿಡಿದು ಹಿಮಾಲಯ, ನಮ್ಮ ಘಟ್ಟ, ಅತ್ತ ಜಾವಾ ದ್ವೀಪದವರೆಗೂ ಈ ಕುಲದ ಮೀನುಗಳಿವೆ.

ಅಂಟಿಕೊಳ್ಳುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹಲ್ಲಿಯ ಕಾಲಿನ ಹಾಗೂ ಅಲ್ಲ, ಜಿಗಣೆಯ ಬಾಯಿಯ ಹಾಗೆ ಬರೀ ಹೀರುವುದೂ ಅಲ್ಲ. ಆ ಮಡಿಕೆಗಳ ಮೇಲೆ ನಮ್ಮ ಉಗುರಿನಂಥ ಗಟ್ಟಿ ವಸ್ತುವಿನ ಮುಳ್ಳುಗಳಿವೆ. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣವು. ಎದೆಯನ್ನು ಕಲ್ಲಿಗೆ ಒತ್ತಿದಾಗ ಅವು ಕಲ್ಲಿನ ತರಿಗೆ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ವಿಷಯವಿದೆ. ಬೇರೆ ಮೀನುಗಳಿಗೆ ನೀರಲ್ಲಿ ತೇಲಲು ಹೊಟ್ಟೆಯಲ್ಲೊಂದು ಗಾಳಿಚೀಲ ಇರುತ್ತದೆ. ಇದಕ್ಕೆ ಆ ಚೀಲ ತೀರಾ ಕುಗ್ಗಿ ಮೂಳೆಯ ಗೂಡಿನೊಳಗೆ ಸೇರಿಹೋಗಿದೆ. ಓಡುವ ನೀರಲ್ಲಿ ತೇಲುವ ಮೀನು ಕೊಚ್ಚಿಹೋಗುತ್ತದೆ. ತಳಕ್ಕೆ ಕೂರುವ ಮೀನು ಉಳಿಯುತ್ತದೆ. ಓಡುವ ನೀರಿನ ಜೀವಿಗಳ ಮೈ ಹೇಗೆಲ್ಲ ಹೊಂದಿಕೊಂಡಿದೆ ಅಂತ ನಮ್ಮ ದೇಶದಲ್ಲಿ ಆಳವಾಗಿ ನೋಡಿದವರು ಸುಂದರ್ ಲಾಲ್ ಹೋರಾ. ಅವರ ದೊಡ್ಡ ಪ್ರಬಂಧ 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಆಸ್ಟ್ರೋಬ್ಲೆಪಸ್ ಅಂತ ಇನ್ನೊಂದು ಮೀಸೆಮೀನಿದೆ. ಅದು ಜಲಪಾತದ ಬಂಡೆಯನ್ನೇ ಹತ್ತುತ್ತದೆ. ಬಾಯಿಯಿಂದ ಬಂಡೆ ಹಿಡಿದು, ಹೊಟ್ಟೆಯಡಿಯ ರೆಕ್ಕೆಗಳನ್ನು ಮುಂದಕ್ಕೆ ಊರಿ, ಆಮೇಲೆ ಬಾಯಿ ಬಿಟ್ಟು ಮೇಲೆ ಸರಿಯುತ್ತದೆ. ಕೊಲಂಬಿಯದಲ್ಲಿ ಇದನ್ನು ಕಂಡ ಜಾನ್ಸನ್ ಎನ್ನುವವರು 1912ರಲ್ಲೇ ಬರೆದಿದ್ದರು. ನಮ್ಮ ಕಲ್ಲಂಟಿನ ಬಾಯಿಗೆ ಹಾಗೆ ಹೀರಿ ಹಿಡಿಯುವ ಬಟ್ಟಲಿಲ್ಲ. ಇದು ಎದೆಯ ಬಲದಿಂದಲೇ ಬದುಕುವ ಮೀನು.

ಆ ಬೆಳಗಿನಿಂದ ನಾನು ಈ ಮೀನಿನ ಬೆನ್ನು ಬಿದ್ದೆ. ಈಗ ರಜೆಗೆ ಬರುವ ನೆಂಟರ ಮಕ್ಕಳಿಗೆ, ಕೇಳಿಕೊಂಡು ಬರುವ ಕಾಲೇಜಿನ ಹುಡುಗರಿಗೆ ತೋರಿಸುತ್ತೇನೆ. ಹಳ್ಳಕ್ಕೆ ಇಳಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಬಗ್ಗಿ ಕಲ್ಲೆತ್ತುವುದು. ದಯವಿಟ್ಟು ಎತ್ತಬೇಡಿ. ಕಲ್ಲಿನಡಿಯ ಆ ಸಂದಿ ಮಳೆ ಮಳೆಗೆ ನೀರು ಕೊರೆದು ಮಾಡಿದ್ದು. ಒಂದು ಸಲ ಎತ್ತಿ ಇಟ್ಟರೆ ಕಲ್ಲು ಮೊದಲಿನ ಹಾಗೆ ಕೂರುವುದಿಲ್ಲ, ಸಂದಿ ಮುಚ್ಚುತ್ತದೆ. ಮೀನು ತಿನ್ನುವ ಹುಳುಗಳೆಲ್ಲ ಆ ಕಲ್ಲಿನ ಅಡಿಮೈಗೇ ಅಂಟಿರುತ್ತವೆ. ಎತ್ತಿದಾಗ ಅವು ಕೊಚ್ಚಿಹೋಗುತ್ತವೆ. ಎಷ್ಟೋ ಸಲ ಕಲ್ಲು ವಾಪಸ್ ಇಡುವಾಗ ಮೀನೇ ಅಡಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಕಲ್ಲೆತ್ತಿದರೆ ನಿಮಗೆ ಕಾಣುವುದು ಹೆದರಿ ಓಡುವ ಒಂದು ನೆರಳು, ಅಷ್ಟೇ. ಕಾದು ಕೂತರೆ ಅದು ಮೇಯುವುದು, ಹತ್ತುವುದು, ಪಕ್ಕದವನನ್ನು ಅಟ್ಟುವುದು ಎಲ್ಲ ಕಾಣುತ್ತದೆ.

ಮೊದಲು ಕಾಲ ನೋಡಿಕೊಳ್ಳಿ. ಮಳೆಗಾಲದಲ್ಲಿ ಬೇಡ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ಕೆಂಪಾಗಿ ಹರಿಯುತ್ತದೆ, ಏನೂ ಕಾಣುವುದಿಲ್ಲ, ಪ್ರಾಣಕ್ಕೂ ಅಪಾಯ. ಅದೂ ಅಲ್ಲದೆ ಮಳೆಯ ಶುರುವಿನಲ್ಲಿ ಬಹಳ ಜಾತಿಯ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲೆ ಏರುತ್ತವೆ. ನಮ್ಮ ಕಡೆ ಅದಕ್ಕೆ ಹತ್ತುಮೀನು ಅನ್ನುತ್ತಾರೆ. ಗದ್ದೆ, ತೋಡು, ಕಾಲುವೆಗಳಲ್ಲಿ ಕತ್ತಿ ಹಿಡಿದು ಕಾಯುವವರಿದ್ದಾರೆ. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ಕಡಿಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿ, ಈ ಮೂರು ತಿಂಗಳು ಒಳ್ಳೆಯದು. ಶಿವರಾತ್ರಿ ದಾಟಿದರೆ ನೀರು ಇಳಿದು, ಉಳಿದ ಸ್ವಲ್ಪ ಹರಿವಿನಲ್ಲಿ ಮೀನುಗಳೆಲ್ಲ ಒತ್ತೊತ್ತಾಗಿ ಸೇರಿರುತ್ತವೆ. ಆಗ ಸುಲಭವಾಗಿ ಕಾಣುತ್ತವೆ ನಿಜ. ಆದರೆ ಆಗ ಅವು ಹೇಗೋ ದಿನ ದೂಡುತ್ತಿರುತ್ತವೆ. ಏಪ್ರಿಲ್, ಮೇನಲ್ಲಿ ನಾನು ಹಳ್ಳಕ್ಕೆ ಇಳಿಯುವುದೇ ಇಲ್ಲ. ದಡದಲ್ಲಿ ಕೂತು ನೋಡುತ್ತೇನೆ.

ದಿನದಲ್ಲಿ ಹತ್ತೂವರೆಯಿಂದ ಹನ್ನೆರಡು ಗಂಟೆ. ಮರದ ಸಂದಿಯಿಂದ ಬಿಸಿಲು ನೀರಿನ ತಳಕ್ಕೆ ಮುಟ್ಟುವ ಹೊತ್ತು ಅದು.

ಇನ್ನು ಜಾಗ. ಮಡುವಿನಲ್ಲಿ ಹುಡುಕಬೇಡಿ. ನೀರು ಕಲ್ಲಿನ ಮೇಲೆ ಹಾರಿ, ಬಿಳಿ ನೊರೆಯಾಗಿ, ಮಾತಾಡುವ ಹಾಗೆ ಸದ್ದು ಮಾಡುತ್ತಾ ಹರಿಯುವ ಕಡೆ ಹೋಗಿ. ಅಂಥ ನೀರಲ್ಲಿ ಗಾಳಿ ಚೆನ್ನಾಗಿ ಬೆರೆತಿರುತ್ತದೆ, ಈ ಮೀನಿಗೆ ಅದು ಬೇಕೇ ಬೇಕು. ಮೊಣಕಾಲಿನ ಕೆಳಗಿನ ಆಳ ಸಾಕು. ತೆಂಗಿನಕಾಯಿಯಿಂದ ಹಿಡಿದು ಒರಳುಕಲ್ಲಿನ ಗಾತ್ರದವರೆಗಿನ ಕಲ್ಲುಗಳು, ಒಂದರ ಮೇಲೊಂದು ಕೂತು ನಡುವೆ ಸಂದಿ ಬಿಟ್ಟಿರಬೇಕು. ಮೇಲೆ ಮರದ ನೆರಳಿರಬೇಕು.

ಜಾಗ ಸರಿ ಇದೆಯೇ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ನೀರೊಳಗಿನ ಕಲ್ಲನ್ನು ಎತ್ತದೆ, ಮೇಲ್ಮೈಯನ್ನು ಹೆಬ್ಬೆರಳಿಂದ ಉಜ್ಜಿ ನೋಡಿ. ತರಿ ತರಿಯಾಗಿ, ಸ್ವಲ್ಪ ಜಾರುವ ಹಾಗೆ ಇದ್ದರೆ ಒಳ್ಳೆಯದು. ಬೆರಳಿಗೆ ಮೆತ್ತಗಿನ ಮಣ್ಣು ಹತ್ತಿ, ಉಜ್ಜಿದ ಕಡೆ ನೀರು ಹೊಗೆಯಾಡಿದರೆ ಮುಂದೆ ಹೋಗಿ. ಮಣ್ಣು ಕೂತ ಕಲ್ಲಿಗೆ ಆ ಎದೆ ಹಿಡಿಯುವುದಿಲ್ಲ. ಮೇಲೆಲ್ಲೋ ಜೆಸಿಬಿ ರಸ್ತೆ ಕಡಿದಿದ್ದರೆ, ಗುಡ್ಡ ಕುಸಿದಿದ್ದರೆ ಕೆಳಗಿನ ಹಳ್ಳದ ಕಲ್ಲುಗಳೆಲ್ಲ ಹೀಗೇ ಆಗುತ್ತವೆ. ಇನ್ನೊಂದು ಗುರುತೂ ಇದೆ. ಕಲ್ಲಿನ ಬದಿಯಲ್ಲಿ ಮರಳಿನ ಕಣಗಳನ್ನು ಅಂಟಿಸಿ ಮಾಡಿದ, ಅಕ್ಕಿಕಾಳಿನಷ್ಟು ಉದ್ದದ ಪುಟ್ಟ ಕೊಳವೆಗಳು ಕಾಣುತ್ತವೆಯೇ ನೋಡಿ. ಕ್ಯಾಡಿಸ್ ಅನ್ನುವ ಹುಳುವಿನ ಮನೆ ಅವು. ಇಂಥ ಹುಳುಗಳೇ ಕಲ್ಲಂಟಿನ ಊಟ. ಊಟ ಇರುವ ಕಡೆ ಉಣ್ಣುವವರೂ ಇರುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಸುತ್ತಲಿನ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಳ್ಳಕ್ಕೆ ಇಳಿಯುವಂತಿಲ್ಲ. ನಿಮ್ಮದೇ ತೋಟದ, ಪರಿಚಯದವರ ತೋಟದ ಹಳ್ಳದಲ್ಲಿ ನೋಡಿ. ಮಲೆನಾಡಲ್ಲಿ ಅಂಥ ಹಳ್ಳಕ್ಕೇನೂ ಬರವಿಲ್ಲ.

ನೋಡಲು ಒಂದು ಬಕೆಟ್ ಮಾಡಿಕೊಳ್ಳಬೇಕು. ಸುಮ್ನೆ ಮೇಲಿನಿಂದ ನೋಡಿದರೆ ನೀರಿನ ಅಲೆ, ಆಕಾಶದ ಹೊಳಪು ಬಿಟ್ಟು ಏನೂ ಕಾಣುವುದಿಲ್ಲ. ಪೇಂಟಿನ ಐದು ಲೀಟರ್ ಬಕೆಟ್ ತಗೊಳ್ಳಿ. ತಳವನ್ನು ಸುತ್ತಲೂ ಒಂದು ಬೆರಳಿನಷ್ಟು ಅಂಚು ಬಿಟ್ಟು ಕತ್ತರಿಸಿ. ಬೋರ್ಡು ಬರೆಯುವವರ ಅಂಗಡಿಯಲ್ಲಿ ಮೂರು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯನ್ನು ಆ ಅಳತೆಗೆ ದುಂಡಗೆ ಕೊಯ್ದು ಕೊಡುತ್ತಾರೆ. ಅದನ್ನು ಸಿಲಿಕೋನ್ ಹಾಕಿ ಹೊರಗಿನಿಂದ, ಅಂದರೆ ಬಕೆಟ್ಟಿನ ಅಡಿಗೆ ಅಂಟಿಸಬೇಕು. ನಾನು ಮೊದಲ ಸಲ ಒಳಗಿನಿಂದ ಅಂಟಿಸಿದ್ದೆ. ನೀರು ಕೆಳಗಿನಿಂದ ಮೇಲಕ್ಕೆ ತಳ್ಳಿ ಹಾಳೆ ಎದ್ದುಬಂತು. ಹೊರಗಿನಿಂದ ಅಂಟಿಸಿದರೆ ಅದೇ ನೀರು ಹಾಳೆಯನ್ನು ಅಂಚಿಗೆ ಇನ್ನಷ್ಟು ಒತ್ತಿ ಹಿಡಿಯುತ್ತದೆ. ಸಿಲಿಕೋನ್ ತರುವಾಗ ಅಕ್ವೇರಿಯಂಗೆ ಬಳಸುವುದನ್ನೇ ಕೇಳಿ. ಬಾತ್‌ರೂಮಿಗೆ ಹಾಕುವುದರಲ್ಲಿ ಬೂಷ್ಟು ಬಾರದ ಹಾಗೆ ಔಷಧಿ ಬೆರೆಸಿರುತ್ತಾರೆ, ಅದು ನೀರಿಗೆ ಇಳಿಯಬಾರದು. ಎರಡು ದಿನ ಒಣಗಲಿ. ಬಕೆಟ್ಟಿನ ಒಳಗೋಡೆಗೆ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ಬಿಳಿ ಪ್ಲಾಸ್ಟಿಕ್ಕಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ.

ನೀರಿಗೆ ಇಡುವಾಗ ಬಕೆಟ್ಟನ್ನು ಓರೆಯಾಗಿ ಇಳಿಸಿ. ನೇರವಾಗಿ ಇಟ್ಟರೆ ತಳದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ನೊರೆಯ ಮಧ್ಯಕ್ಕೇ ಇಡಬೇಡಿ, ಅಲ್ಲಿ ಗುಳ್ಳೆ ಬಿಟ್ಟು ಬೇರೇನೂ ಕಾಣದು. ನೊರೆ ಮುಗಿದು ನೀರು ಗಾಜಿನ ಹಾಗೆ ನುಣುಪಾಗುವ ಒಂದು ಗೇಣಿನ ಜಾಗ ಪ್ರತಿ ಕಲ್ಲಿನ ಪಕ್ಕ ಇರುತ್ತದೆ. ಅಲ್ಲಿ ಇಡಿ.

ಕಾಲಿಗೆ ಹವಾಯಿ ಚಪ್ಪಲಿ ಬೇಡ, ಬರಿಗಾಲೂ ಬೇಡ. ಹಳೆ ಕ್ಯಾನ್ವಾಸ್ ಬೂಟಿಗೆ ತೆಂಗಿನ ನಾರಿನ ಹುರಿಯನ್ನು ಅಡ್ಡಡ್ಡ ಸುತ್ತಿ ಬಿಗಿಯಾಗಿ ಕಟ್ಟಿಕೊಳ್ಳಿ. ಪಾಚಿ ಕಲ್ಲಿನ ಮೇಲೆ ನಾರು ಹಿಡಿಯುವಷ್ಟು ಯಾವ ರಬ್ಬರೂ ಹಿಡಿಯದು. ತರಿಗೆ ತರಿ ಸಿಕ್ಕಿಕೊಳ್ಳುತ್ತದೆ, ಮೀನಿನ ಎದೆಯ ಕೆಲಸವನ್ನೇ ಇಲ್ಲಿ ನಾರು ಮಾಡುತ್ತದೆ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುವುದು ನಮ್ಮ ರೂಢಿ. ಆದರೆ ನೀರಿಗೆ ಇಳಿಯುವ ಕಾಲಿಗೆ ಅದನ್ನಾಗಲಿ, ಸೊಳ್ಳೆ ಕ್ರೀಮನ್ನಾಗಲಿ ಹಚ್ಚಬೇಡಿ. ಮೀನಿಗೆ ಚಿಪ್ಪಿಲ್ಲ, ಬರೀ ಚರ್ಮ. ನೀರಿಗೆ ಬಿದ್ದದ್ದೆಲ್ಲ ನೇರ ಆ ಚರ್ಮಕ್ಕೆ ತಾಗುತ್ತದೆ. ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಒಳಗೆ ಸೇರಿಸಿ, ಸಾಕು. ಒಂದೆರಡು ಉಂಬಳ ಕಚ್ಚಿದರೆ ಕಚ್ಚಲಿ.

ಹಳ್ಳಕ್ಕೆ ಕೆಳಗಿನಿಂದ ಇಳಿದು ಮೇಲ್ಮುಖವಾಗಿ ನಡೆಯಿರಿ. ನೀವು ಕದಡಿದ್ದೆಲ್ಲ ನಿಮ್ಮ ಹಿಂದಕ್ಕೆ ಹೋಗುತ್ತದೆ, ಎದುರಿನ ನೀರು ತಿಳಿಯಾಗಿಯೇ ಇರುತ್ತದೆ. ಇನ್ನೊಂದು ಕಾರಣವೂ ಇದೆ. ಈ ಮೀನುಗಳೆಲ್ಲ ಹರಿವಿಗೆ ಮುಖ ಮಾಡಿ ಕೂತಿರುತ್ತವೆ. ನೀವು ಹಿಂದಿನಿಂದ ಬರುತ್ತೀರಿ. ಕಲ್ಲಿನಿಂದ ಕಲ್ಲಿಗೆ ಹಾರಬೇಡಿ, ತಳಕ್ಕೆ ಕಾಲಿಟ್ಟು ನಿಧಾನ ನಡೆಯಿರಿ. ಜಾಗ ಸಿಕ್ಕ ಮೇಲೆ ಮಂಡಿಯೂರಿ, ಬಕೆಟ್ ಇಟ್ಟು, ಹತ್ತು ನಿಮಿಷ ಅಲುಗಾಡದೆ ಇರಿ. ಮಕ್ಕಳಿಗೆ ನಾನು ಮನಸ್ಸಲ್ಲೇ ಆರುನೂರು ಎಣಿಸಲು ಹೇಳುತ್ತೇನೆ. ಇನ್ನೂರಕ್ಕೆ ಬರುವಷ್ಟರಲ್ಲಿ ಸಣ್ಣ ಮೀನುಗಳು ವಾಪಸ್ ಬರುತ್ತವೆ. ನಾನೂರರ ಹೊತ್ತಿಗೆ ಏಡಿ. ಕಲ್ಲಂಟು ಕೊನೆಗೆ.

ಮೊದಲು ಕಾಣುವುದು ಮೀಸೆ. ಕಲ್ಲಿನ ಅಂಚಿನಿಂದ ಎರಡು ಎಳೆ ಹೊರಗೆ ಬಂದು ನೀರಲ್ಲಿ ಆಡುತ್ತವೆ. ಆಮೇಲೆ ಚಪ್ಪಟೆ ತಲೆ. ಕಣ್ಣು ಸಾಸಿವೆಯಷ್ಟು, ತಲೆಯ ಮೇಲ್ಗಡೆ ಇರುತ್ತದೆ. ಮೈ ಕಾಫಿ ಕಂದು, ಅಲ್ಲಲ್ಲಿ ತಿಳಿ ಪಟ್ಟೆ. ನಿಂತಾಗ ಕಲ್ಲಿನ ಮೇಲಿನ ಕಲೆಯ ಹಾಗೇ ಇರುತ್ತದೆ. ಚಲಿಸಿದಾಗ ಮಾತ್ರ ಮೀನು. ಎರಡು ಕಲ್ಲುಗಳ ನಡುವೆ ಈಜಿ ಹೋಗುವುದಿಲ್ಲ, ಜಿಗಿದ ಹಾಗೆ ಹೋಗುತ್ತದೆ. ಹೋಗಿ ಥಟ್ ಅಂತ ಅಂಟುತ್ತದೆ. ಒಂದು ಸಲ ನೋಡಿದರೆ ಆ ಥಟ್ ಮರೆಯುವುದಿಲ್ಲ.

ಕಲ್ಲಿಗೆ ಅಂಟಿದ್ದೆಲ್ಲ ಇದೇ ಅಂದುಕೊಳ್ಳಬೇಡಿ. ನಮ್ಮ ಹಳ್ಳಗಳಲ್ಲಿ ಇನ್ನೆರಡು ಇವೆ. ಗಾರ್ರಾ ಅನ್ನುವ ಮೀನಿಗೆ ಗದ್ದದ ಅಡಿಯಲ್ಲಿ ಬಿಲ್ಲೆಯಂಥ ಹೀರುಬಟ್ಟಲು ಇದೆ. ಅದಕ್ಕೆ ಹೊಳೆಯುವ ಚಿಪ್ಪಿದೆ, ಗುಂಪಾಗಿ ಪಾಚಿ ಕೆರೆಯುತ್ತಿರುತ್ತದೆ, ನಿಮ್ಮ ಕಾಲನ್ನೂ ಕಚಗುಳಿಯಿಡುತ್ತದೆ. ಇನ್ನೊಂದು ಭವಾನಿಯಾ. ಅದು ತನ್ನ ಎರಡು ಜೊತೆ ರೆಕ್ಕೆಗಳನ್ನೂ ಬೀಸಣಿಗೆಯಂತೆ ಅಗಲಿಸಿ ಬಂಡೆಗೆ ಮೈಯನ್ನೇ ಹಾಸಿಬಿಡುತ್ತದೆ, ಮೇಲಿನಿಂದ ಪುಟ್ಟ ಹಲ್ಲಿಯ ಹಾಗೆ ಕಾಣುತ್ತದೆ. ಬಂಡೆಯ ಮೇಲಿನ ತೆಳು ನೀರಲ್ಲಿ ಜಾಸ್ತಿ ಕಾಣುವುದು ಇದೇ. ಕಲ್ಲಂಟಿಗೆ ಚಿಪ್ಪಿಲ್ಲ. ಮೀಸೆ ನಾಲ್ಕು ಜೊತೆ, ಒಟ್ಟು ಎಂಟು. ಬೆನ್ನಿನ ರೆಕ್ಕೆಯ ಹಿಂದೆ, ಬಾಲದ ಹತ್ತಿರ, ಮಾಂಸದ ಮಡಿಕೆಯಂಥ ಇನ್ನೊಂದು ಪುಟ್ಟ ರೆಕ್ಕೆ ಇರುತ್ತದೆ. ಆ ಪುಟ್ಟ ರೆಕ್ಕೆ ಕಂಡರೆ ಅನುಮಾನ ಬೇಡ.

ರಾತ್ರಿ ಇವು ಹಗಲಿಗಿಂತ ಚುರುಕು. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿಕೊಂಡು ನೋಡಿದರೆ ಅಷ್ಟಾಗಿ ಬೆದರುವುದಿಲ್ಲ. ಆದರೆ ರಾತ್ರಿ ಒಬ್ಬರೇ ಹೋಗಬೇಡಿ. ಕಾಟಿ, ಅಂದರೆ ಕಾಡುಕೋಣ, ನೀರಿಗೆ ಬರುತ್ತದೆ, ಹಾವಿರುತ್ತದೆ. ಹಗಲಾಗಲಿ ರಾತ್ರಿಯಾಗಲಿ, ನೀರಿನ ಬಣ್ಣ ಚಹಾದಂತಾದರೆ, ತರಗೆಲೆ ಒಟ್ಟೊಟ್ಟಾಗಿ ತೇಲಿ ಬರಲು ಶುರುವಾದರೆ, ಮೇಲೆ ಮಳೆಯಾಗಿದೆ ಅಂತ ಅರ್ಥ. ಬಕೆಟ್ ಬಿಟ್ಟಾದರೂ ದಡ ಹತ್ತಿ.

ಫೋಟೋ ತೆಗೆಯುವವರು ಬಕೆಟ್ಟಿನೊಳಗೆ ಮೊಬೈಲ್ ಇಟ್ಟು ವಿಡಿಯೋ ಮಾಡಿ, ಚೆನ್ನಾಗಿ ಬರುತ್ತದೆ. ಅಳತೆ ಗೊತ್ತಾಗಲಿ ಅಂತ ಕಲ್ಲಿನ ಪಕ್ಕ ಒಂದು ಅಡಿಕೆ ಇಡುತ್ತೇನೆ ನಾನು. ದಿನ, ಹೊತ್ತು, ನೀರಿನ ಆಳ ಬರೆದಿಡಿ. ಹೆಸರು ಬರೆಯುವಾಗ ಗ್ಲಿಪ್ಟೋಥೊರಾಕ್ಸ್ ಅಂತ ಕುಲದ ಹೆಸರಿಗೇ ನಿಲ್ಲಿಸಿ. ದಕ್ಷಿಣ ಭಾರತದ ಒಂದು ಜಾತಿಗೆ ಬ್ರಿಟಿಷರ ಕಾಲದ ಮೀನುತಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ಹೆಸರಿಟ್ಟರು. ನಮ್ಮ ಕುದುರೆಮುಖದ ಮೀನೊಂದು ಹೊಸ ಜಾತಿ ಅಂತ ಗೊತ್ತಾದದ್ದು 2007ರಲ್ಲಿ. ವಿಜ್ಞಾನಿ ಕೆ.ಸಿ. ಗೋಪಿ ಅದನ್ನು ಗ್ಲಿಪ್ಟೋಥೊರಾಕ್ಸ್ ಕುದ್ರೆಮುಖೆನ್ಸಿಸ್ ಅಂತ ಕರೆದರು. ಮೀನಿನ ಮೈಯನ್ನು ಅಳತೆ ಮಾಡದೆ, ಎದೆಯ ಮಡಿಕೆಗಳ ಆಕಾರ ನೋಡದೆ ಜಾತಿ ಹೇಳಲಾಗದು. ಊರಿನ ಹೆಸರು, ಹಳ್ಳದ ಹೆಸರನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಅಕ್ವೇರಿಯಂಗೆ ಹಿಡಿಯುವವರು ಓದುತ್ತಾರೆ. ತಣ್ಣಗೆ ಓಡುವ ನೀರಿನ ಮೀನು ಇದು, ಗಾಜಿನ ಪೆಟ್ಟಿಗೆಯ ಬೆಚ್ಚಗಿನ ನಿಂತ ನೀರಿಗೆ ಒಗ್ಗುವುದಿಲ್ಲ.

ಈಗ ಹೇಳಲು ಕಷ್ಟವಾದ ವಿಷಯ. ಗೋಡೆ ಹತ್ತಿದ ಆ ಮೀನನ್ನು ನೋಡಿದ ಮುಂದಿನ ವರ್ಷ ನಮ್ಮ ಹಳ್ಳದಲ್ಲಿ ಮೀನು ಸತ್ತವು. ಮಾಡಿದ್ದು ನಾವೇ. ಅಡಿಕೆಗೆ ಕೊಳೆ ಬರಬಾರದೆಂದು ಮಳೆಗೆ ಮೊದಲು ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸಂಜೆ ಕೆಲಸ ಮುಗಿದ ಮೇಲೆ ಡ್ರಮ್ಮು, ಪೈಪುಗಳನ್ನು ಹಳ್ಳದಲ್ಲೇ ತೊಳೆಯುವುದು ಮೊದಲಿಂದ ನಡೆದು ಬಂದದ್ದು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಆ ವರ್ಷ ಮುಂಗಾರು ತಡವಾಗಿತ್ತು, ಹಳ್ಳದಲ್ಲಿ ನೀರು ಬೊಗಸೆಯಷ್ಟು. ಬೆಳಗ್ಗೆ ಹೋಗಿ ನೋಡಿದರೆ ತೊಳೆದ ಜಾಗದಿಂದ ಕೆಳಗೆ ಗಾರ್ರಾಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಲ್ಲಂಟು ತೇಲಲಿಲ್ಲ. ಸತ್ತ ಮೇಲೂ ಅವು ತಳದಲ್ಲೇ, ಕಲ್ಲಿನ ಸಂದಿಯಲ್ಲೇ ಇದ್ದವು. ಏಳು ಎಣಿಸಿದೆ. ಮೈಲುತುತ್ತದಲ್ಲಿರುವ ತಾಮ್ರ ಮೀನಿನ ಕಿವಿರನ್ನು ಕೆಡಿಸುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ತೊಳೆದ ಜಾಗದಿಂದ ಮೇಲಿನ ಹಳ್ಳದಲ್ಲಿ ಮೀನುಗಳು ಬದುಕಿದ್ದವು. ಕೆಳಗಿನ ಆ ತುಂಡಿಗೆ ಮತ್ತೆ ಕಲ್ಲಂಟು ಬರಲು ಎರಡು ಮಳೆಗಾಲ ಬೇಕಾಯಿತು.

ಈಗ ತೋಟದ ಮೇಲಿನ ಬದಿ, ಹಳ್ಳದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಗುಂಡಿ ತೋಡಿದ್ದೇವೆ. ತೊಳೆದ ನೀರೆಲ್ಲ ಅಲ್ಲಿಗೆ. ನಿಮ್ಮ ಮನೆಯಲ್ಲಿ ತೋಟ ಇದ್ದರೆ ಬಕೆಟ್ಟಿಗಿಂತ ಮೊದಲು ಈ ಗುಂಡಿ ಮಾಡಿ. ಬ್ಲೀಚಿಂಗ್ ಪೌಡರ್ ಹಾಕಿ, ಸಿಡಿಮದ್ದಿನ ತೋಟೆ ಹೊಡೆದು ಮೀನು ಹಿಡಿಯುವವರು ಬಂದರೆ ಊರವರೆಲ್ಲ ಸೇರಿ ತಡೆಯಿರಿ. ಊರು ನಿಂತರೆ ಆಗುತ್ತದೆ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಕರಾವಳಿ ಕಡೆಯ ಶಿಶಿಲದಲ್ಲಿ, ನಮ್ಮ ಶೃಂಗೇರಿಯ ಮಠದ ಸ್ನಾನಘಟ್ಟದಲ್ಲಿ ದೊಡ್ಡ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಜನ ಅವಕ್ಕೆ ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಕಲ್ಲಂಟು ಮಂಡಕ್ಕಿಗೆ ಬರುವ ಮೀನಲ್ಲ, ಮೇಲೆದ್ದು ಮುಖ ತೋರಿಸುವುದೂ ಇಲ್ಲ. ಆದರೆ ಆ ಹೊಳೆಗೇ ನೀರು ಕೊಡುವ ಮೇಲಿನ ಸಣ್ಣ ಹಳ್ಳಗಳು ಇದರ ಮನೆ. ಅಲ್ಲಿ ಪ್ರವಾಸಿಗರು ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಪುರ ಮಾಡಿ ಹೋಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದರಲ್ಲಿನ ಒಂದೊಂದು ಕಲ್ಲೂ ಯಾವುದೋ ಮೀನಿನ ಮಾಡಿನಿಂದ ಕಿತ್ತದ್ದು.

ಗುಡ್ಡದ ಪೈಪಿನ ನೀರು ಬರುವ ಮನೆಯವರಿಗೆ ಕೊನೆಯದಾಗಿ ಒಂದು ವಿಷಯ. ಪೈಪಿನ ಬಾಯಿಗೆ ಸೊಳ್ಳೆಪರದೆಯಷ್ಟು ಸಣ್ಣ ಜಾಲರಿ ಕಟ್ಟಿದರೆ ಎಲೆ ಸಿಕ್ಕಿ ನೀರು ನಿಲ್ಲುತ್ತದೆ. ತೂತು ಬಿದ್ದ ಹಳೆ ಸ್ಟೀಲ್ ಡಬ್ಬಿಗೆ ಸುತ್ತಲೂ ಸಣ್ಣ ಮೊಳೆಯಿಂದ ಇನ್ನಷ್ಟು ತೂತು ಹೊಡೆದು ಬಾಯಿಗೆ ಸಿಕ್ಕಿಸಿ. ಎಲೆ ಡಬ್ಬಿಯ ಮೇಲೆ ಜಾರಿ ಹೋಗುತ್ತದೆ, ಮೀನು ಒಳಗೆ ಬರುವುದಿಲ್ಲ. ಅಷ್ಟಾದರೂ ಒಂದು ಬಂದುಬಿಟ್ಟರೆ ಕೈಯಲ್ಲಿ ಹಿಡಿಯಬೇಡಿ. ಪಕ್ಕದ ರೆಕ್ಕೆಯಲ್ಲಿ ಗರಗಸದಂಥ ಮುಳ್ಳಿದೆ, ನಿಮಗೂ ಚುಚ್ಚುತ್ತದೆ, ಮೀನಿಗೂ ಪೆಟ್ಟಾಗುತ್ತದೆ. ಗೋಡೆಯಿಂದ ಎಳೆದು ಕೀಳಲೂ ಬೇಡಿ. ಬಾಟಲಿಗೆ ಅದೇ ನೀರು ತುಂಬಿ, ಬಾಯನ್ನು ಮೀನಿನ ತಲೆಯ ಮುಂದೆ ಹಿಡಿದು, ಬಾಲದ ಹತ್ತಿರ ಒಂದು ಎಲೆಯಿಂದ ಮುಟ್ಟಿದರೆ ತಾನೇ ಒಳಗೆ ಹೋಗುತ್ತದೆ. ಮುಚ್ಚಳ ಹಾಕದೆ, ಬೇಗ ಬೇಗ ಹಳ್ಳಕ್ಕೆ ತಗೊಂಡು ಹೋಗಿ. ಪೈಪಿನ ಬಾಯಿ ಇರುವ ಜಾಗಕ್ಕಿಂತ ಸ್ವಲ್ಪ ಮೇಲೆ, ನೊರೆ ನೀರಿನ ಪಕ್ಕದ ಕಲ್ಲಿಗೆ ಒರಗಿಸಿ, ಬಾಟಲಿಯನ್ನು ನೀರೊಳಗೆ ಮಲಗಿಸಿ. ಬಾಯಿ ಹರಿವಿಗೆ ಎದುರಾಗಿರಲಿ. ಬಗ್ಗಿಸಿ ಸುರಿಯಬೇಡಿ.

ಅಂದು ನಾವು ತೊಟ್ಟಿಯ ಮೀನನ್ನು ಹಾಗೇ 'ಬಿಟ್ಟುಬಂದೆವು' ಅನ್ನುವ ಹಾಗಿರಲಿಲ್ಲ, ಅದು ಹೊರಡಲೇ ಇಲ್ಲ. ಗಾಜಿಗೆ ಎದೆ ಕೊಟ್ಟು ಕೂತಿತ್ತು. ಮಳೆ ಬರುತ್ತಿತ್ತು, ಅತ್ತೆ ಕಂಬಳಿ ಕೊಪ್ಪೆ ಹಾಕಿಕೊಂಡು ದಡದಲ್ಲಿ ನಿಂತಿದ್ದರು. ಕಾದೆವು. ಬಾಟಲಿಯ ಬಾಯಿಯಿಂದ ಹೊಸ ನೀರು ಒಳಗೆ ನುಗ್ಗಿದ ಹಾಗೆ ಮೊದಲು ಮೀಸೆ ಅಲುಗಿತು. ಆಮೇಲೆ ಗಾಜಿನ ಮೇಲೇ ಒಂದಿಷ್ಟು ಮುಂದೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಬಾಯಿಯ ಅಂಚಿಗೆ ಬಂದು ಎದೆ ಅರ್ಧ ಗಾಜಿನ ಮೇಲೆ, ಅರ್ಧ ಕಲ್ಲಿನ ಮೇಲೆ ಇಟ್ಟಿತು. ಥಟ್ ಅಂತ ಕಲ್ಲಿಗೆ ಹೋಯಿತು. ಅತ್ತೆ ಮೇಲಿನಿಂದ, "ಹೋಯ್ತಾ?" ಅಂದರು.

"ಹೋಯ್ತು" ಅಂದೆ.